ಅಡಿಕೆ ವಕಾರಿಯ ಕೆಲಸದ ನಡುವೆ ಓದಿದ ಬಿಎ: ಸಂವಹನ ಮತ್ತು ಅರ್ಥಶಾಸ್ತ್ರದ ದೂರಶಿಕ್ಷಣ ಹೇಗಿದೆ?

ದೂರಶಿಕ್ಷಣದಲ್ಲಿ ಬಿಎ ಮಾಡಬೇಕೆಂದಿರುವವರು, ಅದರಲ್ಲೂ ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಹೆಣ್ಣುಮಕ್ಕಳು, ನನ್ನ ಹತ್ತಿರ ಕೇಳುವುದು ಎರಡು ಪ್ರಶ್ನೆ. ಯಾವ ವಿಷಯ ತೆಗೆದುಕೊಳ್ಳುವುದು? ಕಟ್ಟಿದ ಶುಲ್ಕ ಸಾರ್ಥಕವಾಗುತ್ತದೆಯೇ? ಮೊದಲನೆಯದಕ್ಕೆ ನಾನು ತಡವರಿಸದೆ ಹೇಳುತ್ತೇನೆ: ಸಮೂಹ ಸಂವಹನವನ್ನೂ ಅರ್ಥಶಾಸ್ತ್ರವನ್ನೂ ಜೋಡಿಯಾಗಿ ತೆಗೆದುಕೊಳ್ಳಿ. ಎರಡನೆಯದು ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ನನ್ನ ಓದು ಸಾರ್ಥಕವಾಗಿದೆ. ಓದಿಸುವ ವ್ಯವಸ್ಥೆಯಲ್ಲಿ ಮಾತ್ರ ದೊಡ್ಡ ಕೊರತೆಯೊಂದಿದೆ, ಅದನ್ನು ತಿಳಿದುಕೊಂಡೇ ಸೇರಬೇಕು.

ಪಿಯುಸಿ ಮುಗಿಯುತ್ತಿದ್ದಂತೆ ಮದುವೆಯಾಗಿ, ಕುಮಟಾದಿಂದ ಘಟ್ಟ ಹತ್ತಿ ಹುಲೇಕಲ್ ಸೀಮೆಗೆ ಬಂದವಳು ನಾನು. ಮಗ ಹೈಸ್ಕೂಲಿಗೆ ಹೋಗತೊಡಗಿದ ಮೇಲೆ ಶಿರಸಿ ಪೇಟೆಯ ಅಡಿಕೆ ವಕಾರಿಯೊಂದರಲ್ಲಿ, ಅಂದರೆ ಬೆಳೆಗಾರರ ಅಡಿಕೆಯನ್ನು ಮಾರಾಟಕ್ಕಿಡುವ ಮಳಿಗೆಯಲ್ಲಿ, ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ, ಬಿಎಗೆ ಅರ್ಜಿ ಹಾಕಿದ್ದೂ ಆಗಲೇ. ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳುವ ತೊಂದರೆಗಳನ್ನು ಬೇರೆ ಕಡೆ ಓದಿದ ಗೆಳತಿಯರೂ ಹೇಳುತ್ತಾರೆ, ಹಾಗಾಗಿ ಹೆಸರಿಗಿಂತ ವಿಷಯ ಮುಖ್ಯ. ವರ್ಷದ ಶುಲ್ಕ ರಾಶಿ ಎಂಬ ಬಗೆಯ ಕಾಲು ಕ್ವಿಂಟಲ್ ಅಡಿಕೆಯ ಬೆಲೆಯನ್ನು ಮೀರಲಿಲ್ಲ. ಬಸ್ಸಿನ ಖರ್ಚು, ಅಧ್ಯಾಪಕರು ಎದುರಿಗೇ ಪಾಠ ಮಾಡುವ ಸಂಪರ್ಕ ತರಗತಿಗಾಗಿ ಕಾರವಾರದಲ್ಲಿ ಉಳಿದುಕೊಳ್ಳುವ ಖರ್ಚು ಬೇರೆ.

ಚೌಕಟ್ಟು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ದೂರಶಿಕ್ಷಣ ನಿಯಮಾವಳಿಯ ಪ್ರಕಾರ ಆಂತರಿಕ ಮೌಲ್ಯಮಾಪನದ ಪಾಲು ನೂರಕ್ಕೆ 30ರ ಮೇಲೆ ಹೋಗುವಂತಿಲ್ಲ, ಉಳಿದದ್ದು ಪರೀಕ್ಷೆ. ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ನಾಲ್ಕು ಕ್ರೆಡಿಟ್‌ನ ಒಂದು ಪತ್ರಿಕೆಗೆ 120 ಗಂಟೆ. ಸೇರುವ ಮೊದಲು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿಕೊಳ್ಳಿ. ಕೊಟ್ಟಿಗೆ, ಅಡುಗೆ, ಪೇಟೆಯ ಕೆಲಸ ಎಲ್ಲ ಕಳೆದು ದಿನಕ್ಕೆ ಎಷ್ಟು ಹೊತ್ತು ಉಳಿಯುತ್ತದೆ, ಅದರಲ್ಲಿ ಎಷ್ಟು ಪತ್ರಿಕೆ ಓದಬಹುದು ಎಂಬುದು ಆಗಲೇ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಬೆಳಗಿನ ಹಾಲು ಕರೆಯುವ ಕೆಲಸವನ್ನು ಅತ್ತೆ ತಾವಾಗಿ ವಹಿಸಿಕೊಂಡರು. ಆ ಒಂದು ಗಂಟೆ ಇಲ್ಲದಿದ್ದರೆ ಈ ಪದವಿ ನನಗೆ ಸಿಗುತ್ತಿರಲಿಲ್ಲ.

ಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ದೂರಶಿಕ್ಷಣದ ಪುಸ್ತಕ ಕಾಲೇಜಿನ ಪಠ್ಯಪುಸ್ತಕದಂತಿರುವುದಿಲ್ಲ. ಪ್ರತಿ ಘಟಕದ ಆರಂಭದಲ್ಲಿ ಉದ್ದೇಶಗಳು, ನಡುನಡುವೆ ಪ್ರಗತಿಯನ್ನು ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಉತ್ತರ ಬರೆಯಲು ಖಾಲಿ ಗೆರೆಗಳು, ಕೊನೆಯಲ್ಲಿ ಸಾರಾಂಶ. ಎದುರಿಗೆ ಅಧ್ಯಾಪಕರಿಲ್ಲದೆ ಓದುವವರಿಗಾಗಿಯೇ ಮಾಡಿದ್ದು. ಸಂವಹನದ ಕನ್ನಡ ಪುಸ್ತಕಗಳು ಸೊಗಸಾಗಿವೆ. ಬರೆದವರಿಗೆ ಸುದ್ದಿಪತ್ರಿಕೆಯ ಒಳಗೂ ಹೊರಗೂ ಗೊತ್ತು ಎನ್ನುವುದು ವಾಕ್ಯದಲ್ಲೇ ತಿಳಿಯುತ್ತದೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ಮಂಗಳೂರು ಸಮಾಚಾರದಿಂದ ಹಿಡಿದು, 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿದ ಸೈಟ್ ಪ್ರಯೋಗದವರೆಗೆ ಎಲ್ಲವೂ ಕಥೆಯ ಹಾಗೆ ಓದಿಸಿಕೊಂಡು ಹೋಗುತ್ತದೆ. ಆ ಪ್ರಯೋಗ ನಡೆದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಮ್ಮ ರಾಜ್ಯದ ಬಯಲುಸೀಮೆಯ ಹಳ್ಳಿಗಳೂ ಇದ್ದವು.

ಅರ್ಥಶಾಸ್ತ್ರದ ಪುಸ್ತಕಗಳು ಅಷ್ಟು ಚೆನ್ನಾಗಿಲ್ಲ. ವಿಷಯ ಸರಿಯಾಗಿದೆ, ಕನ್ನಡ ಗಟ್ಟಿಯಾಗಿದೆ, ಆದರೆ ರೇಖಾಚಿತ್ರಗಳ ಮುದ್ರಣ ಕಳಪೆ. ಸಮತೋಲನ ಬೆಲೆಯ ಘಟಕದಲ್ಲಿ ಬೇಡಿಕೆಯ ರೇಖೆಗೆ ಪೂರೈಕೆ ಎಂದೂ, ಪೂರೈಕೆಯ ರೇಖೆಗೆ ಬೇಡಿಕೆ ಎಂದೂ ಹೆಸರು ಬಿದ್ದಿತ್ತು. ಕಾಲೇಜಿನಲ್ಲಾದರೆ ಅಧ್ಯಾಪಕರು ಹಲಗೆಯ ಮೇಲೆ ತಿದ್ದುತ್ತಾರೆ. ಇಲ್ಲಿ ರಾತ್ರಿ ಒಬ್ಬಳೇ ಕುಳಿತು ಓದುವವಳಿಗೆ ಆ ಒಂದು ಅಚ್ಚಿನ ದೋಷ ಇಡೀ ಘಟಕವನ್ನೇ ತಲೆಕೆಳಗು ಮಾಡಿಬಿಡುತ್ತದೆ. ಅದಕ್ಕೇ ಹೇಳುತ್ತೇನೆ, ಪಿಯುಸಿ ಅರ್ಥಶಾಸ್ತ್ರದ ಹಳೆಯ ಪುಸ್ತಕವೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ರಾಜ್ಯ ಸರ್ಕಾರ ಪ್ರತಿ ವರ್ಷ ಕನ್ನಡದಲ್ಲೂ ಪ್ರಕಟಿಸುವ ಆರ್ಥಿಕ ಸಮೀಕ್ಷೆಯನ್ನು ಇಳಿಸಿಕೊಳ್ಳಿ. ಪಠ್ಯದಲ್ಲಿರುವ ಹಳೆಯ ಅಂಕಿಅಂಶಗಳ ಜಾಗದಲ್ಲಿ ಅದರ ಹೊಸ ಕೋಷ್ಟಕಗಳನ್ನು ಬಳಸಿ ಉತ್ತರ ಬರೆದರೆ ನಿಮಗೇ ವ್ಯತ್ಯಾಸ ಕಾಣುತ್ತದೆ.

ಇನ್ನು ಈ ಎರಡು ವಿಷಯಗಳನ್ನು ಜೊತೆಯಾಗಿಯೇ ಓದಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು ಯಾಕೆ?

ಫ್ರೆಡ್ರಿಕ್ ಹಯೆಕ್ ಎಂಬ ಅರ್ಥಶಾಸ್ತ್ರಜ್ಞ 1945ರಲ್ಲಿ ಬರೆದ ಲೇಖನವೊಂದರ ಸಾರ ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿತ್ತು. ಬೆಲೆ ಎನ್ನುವುದು ಮಾಹಿತಿಯನ್ನು ಸಾಗಿಸುವ ಏರ್ಪಾಡು ಎಂಬುದು ಅವರ ವಾದ. ಜಗತ್ತಿನ ಎಲ್ಲೋ ಒಂದು ಕಡೆ ತವರಕ್ಕೆ ಅಭಾವ ಬಂದರೆ, ಅದಕ್ಕೆ ಕಾರಣವೇನೆಂದು ತವರ ಬಳಸುವವರಿಗೆ ತಿಳಿಯಬೇಕಾಗಿಲ್ಲ. ಬೆಲೆ ಏರಿತು ಎಂಬುದೊಂದು ಗೊತ್ತಾದರೆ ಸಾಕು, ಅವರು ತಾವಾಗಿಯೇ ಕಡಿಮೆ ಬಳಸುತ್ತಾರೆ. ಅದೇ ವಾರ ಸಂವಹನದ ಪುಸ್ತಕದಲ್ಲಿ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಮಾದರಿ ಓದುತ್ತಿದ್ದೆ: ಸಂದೇಶ ಕಳಿಸುವವರು, ಅದು ಸಾಗುವ ಮಾಧ್ಯಮ, ದಾರಿಯಲ್ಲಿ ಸೇರಿಕೊಳ್ಳುವ ಗದ್ದಲ, ಪಡೆಯುವವರು. ಬೆಲೆಯೇ ಒಂದು ಸಂದೇಶವಾದರೆ ಅದಕ್ಕೂ ಒಂದು ಮಾಧ್ಯಮ ಬೇಕು, ಅದಕ್ಕೂ ಗದ್ದಲ ಸೇರುತ್ತದೆ, ಅದೂ ಕೆಲವರಿಗೆ ಮೊದಲು, ಕೆಲವರಿಗೆ ತಡವಾಗಿ ತಲುಪುತ್ತದೆ. ಎರಡು ಪುಸ್ತಕಗಳೂ ಇನ್ನೊಂದರ ಹೆಸರೆತ್ತುವುದಿಲ್ಲ. ಜೋಡಿಸಿಕೊಳ್ಳುವ ಕೆಲಸ ಓದುವವರದ್ದು. ನನಗೆ ಅದು ವಕಾರಿಯಲ್ಲೇ ಸಾಧ್ಯವಾಯಿತು.

ಶಿರಸಿಯ ಅಡಿಕೆ ಟೆಂಡರ್ ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಬೆಳೆಗಾರರು ತಂದ ಅಡಿಕೆಯನ್ನು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೇಗೋಟು ಎಂದು ಬೇರೆ ಬೇರೆ ಲಾಟ್ ಮಾಡಿ ಸಾಲಾಗಿ ಇಟ್ಟಿರುತ್ತಾರೆ. ಖರೀದಿದಾರರು ಒಂದೊಂದೇ ಲಾಟ್ ಮುಂದೆ ನಿಲ್ಲುತ್ತಾರೆ. ಚೀಲದ ಮೇಲಿನ ಅಡಿಕೆಯನ್ನು ಸರಿಸಿ ಒಳಗೆ ಕೈಹಾಕಿ ಒಂದು ಮುಷ್ಟಿ ತೆಗೆಯುತ್ತಾರೆ. ಅಡಕತ್ತರಿಯಲ್ಲಿ ಒಂದೆರಡನ್ನು ಹೋಳು ಮಾಡಿ ಒಳಗಿನ ಬಣ್ಣ ನೋಡುತ್ತಾರೆ, ಮೂಸುತ್ತಾರೆ, ಅಂಗೈಯಲ್ಲಿ ಆಡಿಸಿ ಒಣಗಿದ ಸದ್ದು ಕೇಳುತ್ತಾರೆ. ಮುಖದಲ್ಲಿ ಏನನ್ನೂ ತೋರಿಸುವುದಿಲ್ಲ. ಕ್ವಿಂಟಲ್‌ಗೆ ಇಷ್ಟು ಎಂದು ದರ ನಮೂದಿಸಿ ಮುಂದಿನ ಲಾಟ್‌ಗೆ ಹೋಗುತ್ತಾರೆ. ಯಾರು ಎಷ್ಟು ಬರೆದರೆಂದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಅತಿ ಹೆಚ್ಚು ಬರೆದವರಿಗೆ ಆ ಲಾಟ್. ಕೂತು ಕಾಯುವ ಬೆಳೆಗಾರರು ಅಷ್ಟು ಹೊತ್ತೂ ನಮ್ಮ ಮೇಜಿನ ಕಡೆ ನೋಡುತ್ತಿರುತ್ತಾರೆ.

ನಾನು ನಿತ್ಯ ನೋಡುವ ಈ ವ್ಯವಹಾರ ಅರ್ಥಶಾಸ್ತ್ರದಲ್ಲಿ ಒಂದು ದೊಡ್ಡ ಅಧ್ಯಾಯ ಎಂದು ತಿಳಿದದ್ದು ಸಂಪರ್ಕ ತರಗತಿಯಲ್ಲಿ. ಇಂಥ ಮುಚ್ಚಿದ ಹರಾಜಿನಲ್ಲಿ ಖರೀದಿದಾರ ತನ್ನ ಮನಸ್ಸಿನಲ್ಲಿರುವ ಪೂರ್ತಿ ಬೆಲೆಯನ್ನು ಬರೆಯುವುದಿಲ್ಲ, ಸ್ವಲ್ಪ ಇಳಿಸಿಯೇ ಬರೆಯುತ್ತಾನೆ. ಎಲ್ಲರಿಗಿಂತ ಬಹಳ ಹೆಚ್ಚು ಬರೆದು ಗೆದ್ದರೆ ನಷ್ಟವೆಂಬ ಅಳುಕು ಅವನಿಗೆ ಇರುತ್ತದೆ. ವಿಲಿಯಂ ವಿಕ್ರಿ 1961ರಲ್ಲಿ ಇದಕ್ಕೊಂದು ಪರ್ಯಾಯ ತೋರಿಸಿದರು: ಹೆಚ್ಚು ಬರೆದವನಿಗೇ ಮಾಲು ಕೊಡಿ, ಆದರೆ ಎರಡನೆಯವನು ಬರೆದ ಬೆಲೆಯನ್ನು ಅವನಿಂದ ಪಡೆಯಿರಿ, ಆಗ ಯಾರೂ ಇಳಿಸಿ ಬರೆಯುವ ಅಗತ್ಯವಿರುವುದಿಲ್ಲ. ವಿಕ್ರಿಗೆ 1996ರಲ್ಲಿ ನೊಬೆಲ್ ಬಂತು. ಹರಾಜಿನ ಸಿದ್ಧಾಂತಕ್ಕಾಗಿಯೇ 2020ರಲ್ಲಿ ಪಾಲ್ ಮಿಲ್‌ಗ್ರಾಂ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ ಮತ್ತೊಮ್ಮೆ ಬಂತು. ನಮ್ಮ ಅಡಿಕೆ ಟೆಂಡರ್‌ಗೂ ಈ ಪದ್ಧತಿ ತಂದರೆ ಬೆಳೆಗಾರರಿಗೆ ಹೆಚ್ಚು ಸಿಗುತ್ತದೆಯೇ ಎಂದು ನಾನು ಕೇಳಿದೆ. ಪಾಠ ಮಾಡುತ್ತಿದ್ದ ಸರ್ ತಕ್ಷಣ ಉತ್ತರಿಸಲಿಲ್ಲ. ಯೋಚಿಸಿ, "ನಿಯಮ ಯಾವುದೇ ಇರಲಿ, ಮೊದಲು ಎಷ್ಟು ಜನ ಖರೀದಿದಾರರು ಬರುತ್ತಾರೆ ನೋಡಮ್ಮ. ಒಬ್ಬ ಹೆಚ್ಚು ಬಂದರೂ ಬೆಲೆಯ ಮೇಲೆ ಅದರ ಪರಿಣಾಮ ಇರುತ್ತದೆ" ಎಂದರು. ಮರುದಿನದಿಂದ ನಾನು ವಕಾರಿಯಲ್ಲಿ ಅದನ್ನೇ ಗಮನಿಸತೊಡಗಿದೆ. ಖರೀದಿದಾರರು ಕಡಿಮೆ ಬಂದ ದಿನ ಒಂದೇ ಗುಣದ ಲಾಟ್‌ಗಳ ನಡುವೆ ದರದ ಅಂತರ ಎದ್ದು ಕಾಣುತ್ತದೆ. ರಾಜ್ಯದಲ್ಲಿ 2014ರಿಂದ ಆನ್‌ಲೈನ್ ಟೆಂಡರ್‌ಗಾಗಿ ಏಕೀಕೃತ ಮಾರುಕಟ್ಟೆ ವೇದಿಕೆ ತಂದದ್ದು ಯಾಕೆ ಎಂಬುದು ನನಗೆ ಪುಸ್ತಕದಿಂದಲ್ಲ, ಆ ಅಂತರದಿಂದ ಅರ್ಥವಾಯಿತು.

ಸಂಪರ್ಕ ತರಗತಿಗಳ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆ. ದೂರಶಿಕ್ಷಣ ಎಂದರೆ ಪರೀಕ್ಷೆ ಬರೆದು ಬರುವುದು ಎಂದುಕೊಂಡು ಬಹಳ ಜನ ಇವುಗಳನ್ನು ತಪ್ಪಿಸುತ್ತಾರೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರ ತಲುಪುವ ಹೊತ್ತಿಗೆ ಮೈ ನುಗ್ಗಾಗಿರುತ್ತದೆ, ಒಪ್ಪುತ್ತೇನೆ. ನಾನು ಹಿಂದಿನ ದಿನವೇ ಕುಮಟಾದ ತವರಿಗೆ ಹೋಗಿ ಉಳಿದು ಬೆಳಗಿನ ಬಸ್ಸು ಹಿಡಿಯುತ್ತಿದ್ದೆ. ಆದರೆ ಆ ಕೋಣೆಯಲ್ಲಿ ಕೂಡುವ ಜನರೇ ಬೇರೆ. ಕೈಗಾದಲ್ಲಿ ಗುತ್ತಿಗೆ ಕೆಲಸ ಮಾಡುವವರು, ಅಂಗನವಾಡಿ ಕಾರ್ಯಕರ್ತೆಯರು, ಒಬ್ಬರು ಬಸ್ ನಿರ್ವಾಹಕರು, ತದಡಿಯಲ್ಲಿ ಮನೆಯವರ ಬೋಟು ನೋಡಿಕೊಳ್ಳುವ ಹುಡುಗನೊಬ್ಬ. ಎಲ್ಲರೂ ಜೀವನದಲ್ಲಿ ಒಂದಲ್ಲ ಒಂದು ಬೆಲೆಯ ಲೆಕ್ಕ ಹಾಕಿ ಬಂದವರು. ಇಂಥವರಿಗೆ ಅರ್ಥಶಾಸ್ತ್ರ ಕಲಿಸುವುದು ಅಧ್ಯಾಪಕರಿಗೂ ಖುಷಿಯ ಕೆಲಸವೆಂದು ಅವರ ಮುಖದಲ್ಲೇ ತಿಳಿಯುತ್ತಿತ್ತು.

ಒಂದು ಭಾನುವಾರ ರಾಬರ್ಟ್ ಜೆನ್ಸನ್ ಅವರ ಅಧ್ಯಯನದ ಪಾಠ. ಉತ್ತರ ಕೇರಳದ ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು ಕರಾವಳಿಗೆ 1997ರಿಂದ 2001ರ ನಡುವೆ ಮೊಬೈಲ್ ಫೋನ್ ಬಂದಾಗ ಮೀನಿನ ಮಾರುಕಟ್ಟೆಯಲ್ಲಿ ಏನಾಯಿತು ಎಂದು ಅವರು ಅಳೆದು ನೋಡಿದರು, 2007ರಲ್ಲಿ ಪ್ರಕಟಿಸಿದರು. ಫೋನ್ ಬರುವ ಮೊದಲು ಒಂದು ದಡದಲ್ಲಿ ತಾರ್ಲೆ ಮೀನು ಕೊಳ್ಳುವವರಿಲ್ಲದೆ ಚೆಲ್ಲುತ್ತಿದ್ದರೆ, ಕೆಲವೇ ಮೈಲಿ ಆಚೆಯ ದಡದಲ್ಲಿ ಕೊಳ್ಳುವವರು ಮೀನು ಸಿಗದೆ ಮರಳುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯಲ್ಲಿದ್ದಾಗಲೇ ದರ ವಿಚಾರಿಸಿ ಯಾವ ದಡಕ್ಕೆ ಹೋಗಬೇಕೆಂದು ನಿರ್ಧರಿಸತೊಡಗಿದರು. ದಡದಿಂದ ದಡಕ್ಕಿದ್ದ ಬೆಲೆಯ ಅಂತರ ಬಹುತೇಕ ಅಳಿಯಿತು, ಮೀನು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಹೆಚ್ಚಿತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು. ಮಾರುವವರಿಗೂ ಕೊಳ್ಳುವವರಿಗೂ ಒಟ್ಟಿಗೆ ಒಳ್ಳೆಯದಾಗುವುದು ಹೇಗೆ ಎಂದು ಕೋಣೆಯಲ್ಲಿ ಯಾರೋ ಕೇಳಿದರು. ಮೊದಲು ಚೆಲ್ಲಿಹೋಗುತ್ತಿದ್ದ ಮೀನು ಈಗ ಊಟದ ತಟ್ಟೆಗೆ ಬರುತ್ತಿದೆಯಲ್ಲ, ಆ ಉಳಿತಾಯವನ್ನು ಇಬ್ಬರೂ ಹಂಚಿಕೊಂಡರು ಎಂದು ಸರ್ ಬಿಡಿಸಿ ಹೇಳಿದರು.

ಆಗ ತದಡಿಯ ಹುಡುಗ ಎದ್ದು ನಿಂತ. ಫೋನು ತಮ್ಮಲ್ಲೂ ಇದೆ, ಮಲ್ಪೆಯಲ್ಲಿ, ಗೋವಾದಲ್ಲಿ ಇವತ್ತಿನ ಬಂಗಡೆ ದರ ಎಷ್ಟು ಎಂಬುದು ದಡ ಮುಟ್ಟುವ ಮೊದಲೇ ತಿಳಿಯುತ್ತದೆ, ಆದರೆ ಡೀಸೆಲ್ಲಿಗೂ ಬಲೆಗೂ ಮುಂಗಡ ಕೊಟ್ಟ ದಲ್ಲಾಳಿಗೇ ಮೀನು ಹಾಕಬೇಕಾದವರು ಆ ದರ ತಿಳಿದು ಏನು ಮಾಡಬೇಕು ಎಂದು ಕೇಳಿದ. ಅದರ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಮಾಹಿತಿ ತಲುಪುವುದು ಬೇರೆ, ಅದನ್ನು ಬಳಸುವ ಸ್ವಾತಂತ್ರ್ಯ ಬೇರೆ. ನಮ್ಮ ಕಡೆ ತೋಟದ ಫಸಲನ್ನು ಹಸಿಯಾಗಿರುವಾಗಲೇ ಗುತ್ತಿಗೆ ಕೊಟ್ಟವರ ಸ್ಥಿತಿಯೂ ಅದೇ ಎಂದು ನಾನು ಹೇಳಿದೆ. ಅರ್ಥಶಾಸ್ತ್ರವನ್ನು ಮಾತ್ರ ಓದಿದವರಿಗೆ ಈ ಪಾಠದ ಅರ್ಧ ಸಿಗುತ್ತದೆ, ಸಂವಹನವನ್ನು ಮಾತ್ರ ಓದಿದವರಿಗೆ ಇನ್ನರ್ಧ.

ಸಂವಹನದ ಪತ್ರಿಕೆಗಳಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಮಾಧ್ಯಮದ ಕಾರ್ಯಸೂಚಿ ಸಿದ್ಧಾಂತ. ಮ್ಯಾಕ್ಸ್‌ವೆಲ್ ಮೆಕ್‌ಕೂಂಬ್ಸ್ ಮತ್ತು ಡೊನಾಲ್ಡ್ ಶಾ 1968ರ ಅಮೆರಿಕದ ಚುನಾವಣೆಯ ವೇಳೆ ಚಾಪೆಲ್ ಹಿಲ್ ಎಂಬ ಊರಿನ ಮತದಾರರನ್ನು ಮಾತನಾಡಿಸಿ, 1972ರಲ್ಲಿ ಪ್ರಕಟಿಸಿದ್ದು. ಪತ್ರಿಕೆಗಳು ಯಾವ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತವೆಯೋ ಅದನ್ನೇ ಜನ ಮುಖ್ಯವೆಂದು ಭಾವಿಸುತ್ತಾರೆ ಎಂಬುದು ಅದರ ತಿರುಳು. ಇದನ್ನು ನಾವು ಓದುವ ಹೊತ್ತಿಗೆ ಅಂಕೋಲಾ ಹತ್ತಿರದ ಶಿರೂರಿನ ಗುಡ್ಡ ಕುಸಿದು ಹೆಚ್ಚು ಕಾಲವಾಗಿರಲಿಲ್ಲ. 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಬಿದ್ದ ಆ ಮಣ್ಣು ಗಂಗಾವಳಿಯವರೆಗೂ ಹೋಯಿತು. ಕೇರಳದ ಲಾರಿ ಚಾಲಕರೊಬ್ಬರ ಹುಡುಕಾಟವನ್ನು ಅಲ್ಲಿಯ ವಾಹಿನಿಗಳು ದಿನಗಟ್ಟಲೆ ನೇರಪ್ರಸಾರ ಮಾಡಿದವು. ಸೆಪ್ಟೆಂಬರಿನಲ್ಲಿ ನದಿಯ ತಳದಿಂದ ಲಾರಿ ಮೇಲೆತ್ತುವವರೆಗೂ ಆ ಸುದ್ದಿ ಆರಲಿಲ್ಲ. ಗುಡ್ಡದ ಬುಡದಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬವೂ ಅದೇ ಮಣ್ಣಿನಲ್ಲಿ ಹೋಯಿತು, ನಾಪತ್ತೆಯಾದವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಅಂಕೋಲಾದ ಸಹಪಾಠಿಯೊಬ್ಬರು ಇದನ್ನೇ ತಮ್ಮ ಅಸೈನ್‌ಮೆಂಟ್‌ಗೆ ಆರಿಸಿಕೊಂಡು, ಯಾವ ಪತ್ರಿಕೆ ಯಾರ ಬಗ್ಗೆ ಎಷ್ಟು ಜಾಗ ಕೊಟ್ಟಿತು ಎಂದು ಅಳತೆಪಟ್ಟಿಯಿಂದ ಅಂಕಣದ ಉದ್ದ ಅಳೆದು ಬರೆದರು. ಓದಿ ಹೇಳುವಾಗ ಅವರ ದನಿ ನಡುಗಿತು. ಒಂದು ರಾಜ್ಯದ ಮಾಧ್ಯಮ ತನ್ನ ಮನುಷ್ಯನಿಗಾಗಿ ಪಟ್ಟುಹಿಡಿದು ನಿಂತರೆ ಸರ್ಕಾರದ ಯಂತ್ರ ಹೇಗೆ ಕದಲುತ್ತದೆ ಎಂಬುದನ್ನೂ, ಹಾಗೆ ನಿಲ್ಲುವವರಿಲ್ಲದ ಮನೆಯವರ ಸಂಕಟವನ್ನೂ ಅವರು ಒಂದೇ ಪುಟದಲ್ಲಿ ಬರೆದಿದ್ದರು. ನಾನು ಈ ಪದವಿಯಲ್ಲಿ ಓದಿದ ಅತ್ಯುತ್ತಮ ಬರಹ ಅದು, ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಅಮರ್ತ್ಯ ಸೇನ್ ಹೇಳುವ ಮಾತು ಇದರ ಜೊತೆಗೇ ನೆನಪಾಗುತ್ತದೆ. ಪತ್ರಿಕಾ ಸ್ವಾತಂತ್ರ್ಯವಿರುವ ಪ್ರಜಾಪ್ರಭುತ್ವದಲ್ಲಿ ದೊಡ್ಡ ಬರಗಾಲದ ಸಾವುಗಳು ಆಗುವುದಿಲ್ಲ, ಏಕೆಂದರೆ ಸುದ್ದಿ ಹೊರಬಂದರೆ ಸರ್ಕಾರ ಕೈಕಟ್ಟಿ ಕೂರಲಾರದು ಎಂಬುದು ಅವರ ವಾದ. 1943ರ ಬಂಗಾಳದ ಕ್ಷಾಮದಲ್ಲಿ ಸುದ್ದಿಯನ್ನು ಅದುಮಿಟ್ಟಿದ್ದಾಗ, ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್‌ನಲ್ಲಿ ಚಿತ್ರಗಳನ್ನು ಅಚ್ಚುಹಾಕಿದರು. ಈ ಪ್ರಸಂಗವನ್ನು ಅರ್ಥಶಾಸ್ತ್ರದ ಪರೀಕ್ಷೆಯಲ್ಲೂ ಬರೆಯಬಹುದು, ಸಂವಹನದ ಪರೀಕ್ಷೆಯಲ್ಲೂ ಬರೆಯಬಹುದು. ನಾನು ಎರಡರಲ್ಲೂ ಬರೆದೆ.

ನನ್ನ ಸ್ವಂತ ಅಸೈನ್‌ಮೆಂಟ್ ಅಡಿಕೆಯ ಸುದ್ದಿಯ ಮೇಲೆ. 2022ರ ಸೆಪ್ಟೆಂಬರಿನಲ್ಲಿ ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಅಗ್ಗಕ್ಕೆ ಹೊರದೇಶದಿಂದ ತರಿಸುವಂತಿಲ್ಲ ಎಂಬ ದರ) ಷರತ್ತಿಲ್ಲದೆ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಿಕೊಳ್ಳಲು ಕೇಂದ್ರ ಸರ್ಕಾರ ಒಪ್ಪಿತು. ದೇಶದ ಒಟ್ಟು ಬೆಳೆಯ ಮುಂದೆ ಅದು ಚಿಕ್ಕ ಪ್ರಮಾಣ. ಆದರೆ ನಮ್ಮ ಸೀಮೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ ಸಂದೇಶಗಳಲ್ಲಿ ಟನ್ನಿನ ಲೆಕ್ಕವೇ ಇರಲಿಲ್ಲ, ಅಡಿಕೆಯ ಕಾಲ ಮುಗಿಯಿತು ಎಂಬ ಗಾಬರಿ ಮಾತ್ರ ಇತ್ತು. ಇಟ್ಟುಕೊಂಡ ಚಾಲಿಯನ್ನು ಅವಸರದಲ್ಲಿ ಪೇಟೆಗೆ ತಂದವರನ್ನು ನಾನೇ ಕಂಡಿದ್ದೇನೆ. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ, ಆ ಒಳ್ಳೆಯ ಸುದ್ದಿ ಅಷ್ಟು ವೇಗವಾಗಿ ಹರಡಲಿಲ್ಲ. ಎರಡೂ ಸುದ್ದಿ ಮೊದಲು ಯಾರಿಂದ ತಿಳಿಯಿತು ಎಂದು ಊರಿನ ಮನೆಗಳಲ್ಲಿ ಕೇಳಿ ಬರೆದೆ. ಸೊಸೈಟಿಯ ಕಟ್ಟೆಯಲ್ಲಿ ಕೂರುವ ನಾಲ್ಕಾರು ಹಿರಿಯರ ಹೆಸರೇ ಮತ್ತೆ ಮತ್ತೆ ಬಂತು. 1940ರ ಅಮೆರಿಕದ ಚುನಾವಣೆಯನ್ನು ಅಭ್ಯಸಿಸಿ ಪಾಲ್ ಲಾಜರ್ಸ್‌ಫೆಲ್ಡ್ ತಂಡ ಹೇಳಿದ ಎರಡು ಹಂತದ ಹರಿವು ಎಂದರೆ ಇದೇ: ಸುದ್ದಿ ಮೊದಲು ಕೆಲವು ಮುಖಂಡರನ್ನು ಮುಟ್ಟುತ್ತದೆ, ಅವರ ಮೂಲಕ ಉಳಿದವರನ್ನು. ಮೊಬೈಲ್ ಎಲ್ಲರ ಕೈಗೆ ಬಂದ ಮೇಲೂ ನಮ್ಮೂರಿನಲ್ಲಿ ಅದು ಬದಲಾಗಿಲ್ಲ.

ಇಷ್ಟು ಕಷ್ಟಪಟ್ಟು ಬರೆದ ಅಸೈನ್‌ಮೆಂಟ್ ಏನಾಯಿತು? ಅಂಕ ಬಂತು. ಒಳ್ಳೆಯ ಅಂಕವೇ. ಆದರೆ ಒಂದು ಅಕ್ಷರದ ಅಭಿಪ್ರಾಯವೂ ಬರಲಿಲ್ಲ. ಈ ಶಿಕ್ಷಣದ ದೊಡ್ಡ ಕೊರತೆ ಎಂದು ಮೊದಲೇ ಹೇಳಿದೆನಲ್ಲ, ಅದು ಇದೇ. ದೂರಶಿಕ್ಷಣದಲ್ಲಿ ಅಸೈನ್‌ಮೆಂಟ್ ಎಂದರೆ ವಿದ್ಯಾರ್ಥಿಯೂ ಅಧ್ಯಾಪಕರೂ ಬರಹದಲ್ಲಿ ಮಾತನಾಡುವ ಒಂದೇ ಜಾಗ. ಎಲ್ಲಿ ತರ್ಕ ಸಡಿಲವಾಗಿದೆ, ಯಾವ ಅಂಕಿಅಂಶ ಬೇಕಿತ್ತು, ಮುಂದೆ ಏನು ಓದಬೇಕು ಎಂದು ಎರಡು ಸಾಲು ಅಂಚಿನಲ್ಲಿ ಬರೆದರೂ ದೂರದಲ್ಲಿರುವ ವಿದ್ಯಾರ್ಥಿ ಬದುಕಿಕೊಳ್ಳುತ್ತಾಳೆ. ಎಲ್ಲ ಅವಧಿಯಲ್ಲೂ ನನಗೆ ಸಿಕ್ಕಿದ್ದು ಬರೀ ಅಂಕೆ. ಒಮ್ಮೆ ಒಂದು ಪತ್ರಿಕೆಯ ಆಂತರಿಕ ಅಂಕ ಜಾಲತಾಣದಲ್ಲಿ ಏರಲೇ ಇಲ್ಲ. ದೂರವಾಣಿ ಎತ್ತುವವರಿಲ್ಲ, ಮಿಂಚಂಚೆಗೆ ಉತ್ತರವಿಲ್ಲ. ಕೊನೆಗೆ ಸ್ವೀಕೃತಿ ರಸೀದಿಯ ಪ್ರತಿ ಹಿಡಿದು ಅಧ್ಯಯನ ಕೇಂದ್ರಕ್ಕೇ ಹೋದ ಮೇಲೆ ಅಲ್ಲಿಯ ಗುಮಾಸ್ತರೊಬ್ಬರು ಕಡತ ಹುಡುಕಿ ಸರಿಪಡಿಸಿದರು. ಅವರಿಗೆ ನಾನು ಋಣಿ. ರಸೀದಿ ಇಟ್ಟುಕೊಳ್ಳದವರ ಗತಿ ಏನು ಎಂದು ಯೋಚಿಸಿದರೆ ಸಿಟ್ಟು ಬರುತ್ತದೆ. ಕೊಟ್ಟ ಪ್ರತಿಯೊಂದು ಕಾಗದದ ಚಿತ್ರ ತೆಗೆದಿಟ್ಟುಕೊಳ್ಳಿ, ಸೀಲು ಹಾಕಿಸಿಕೊಳ್ಳದೆ ಯಾವುದನ್ನೂ ಕೊಡಬೇಡಿ.

ಪುಸ್ತಕಗಳು ಅಂಚೆಯಲ್ಲಿ ಬರುವುದು ತಡ. ಒಂದು ಅವಧಿಯಲ್ಲಿ ಅಸೈನ್‌ಮೆಂಟ್ ಸಲ್ಲಿಸುವ ಗಡುವು ಮುಗಿದ ಮೇಲೆ ಪುಸ್ತಕದ ಕಟ್ಟು ಬಂತು. ಅಷ್ಟರಲ್ಲಿ ಪೇಟೆಯಲ್ಲಿ ಪಿಡಿಎಫ್ ಮುದ್ರಿಸಿಕೊಂಡು ಓದಿ ಮುಗಿಸಿದ್ದೆ. ಆನ್‌ಲೈನ್ ತರಗತಿಗಳಿವೆ ಎಂದು ಮಾಹಿತಿ ಪುಸ್ತಕದಲ್ಲಿ ದೊಡ್ಡದಾಗಿ ಬರೆದಿರುತ್ತಾರೆ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಸತ್ತಂತೆ. ಸಿಗ್ನಲ್ ಸಿಗುವ ಗುಡ್ಡದ ತಲೆಗೆ ಕೊಡೆ ಹಿಡಿದು ಹೋಗಿ ಪಾಠ ಕೇಳುವುದು ಇಲ್ಲಿಯ ಮಕ್ಕಳಿಗೆಲ್ಲ ಕೋವಿಡ್ ಕಾಲದಿಂದ ಗೊತ್ತಿರುವ ಕಷ್ಟ. ತರಗತಿಯ ಧ್ವನಿಮುದ್ರಣವನ್ನು ಇಳಿಸಿಕೊಳ್ಳುವಂತೆ ಇಟ್ಟರೆ ಅರ್ಧ ತೊಂದರೆ ನೀಗುತ್ತದೆ. ನನಗೆ ಸ್ವಯಂ ಜಾಲತಾಣದ ಅರ್ಥಶಾಸ್ತ್ರದ ಪಾಠಗಳು ಹೆಚ್ಚು ಒದಗಿದವು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಇದರಲ್ಲಿ ಪಾಠ ಕೇಳಲು ಶುಲ್ಕವಿಲ್ಲ. ಪೇಟೆಯಲ್ಲಿ ಕೆಲಸ ಮುಗಿಸಿ ಬಸ್ಸಿಗೆ ಕಾಯುವಾಗ ಇಳಿಸಿಕೊಂಡು ಮನೆಯಲ್ಲಿ ನೋಡುತ್ತಿದ್ದೆ.

ಪತ್ರಿಕೋದ್ಯಮದ ಪ್ರಾಯೋಗಿಕ ಭಾಗ ತೀರಾ ದುರ್ಬಲ. ವರದಿ ಬರೆಯುವುದು ಹೇಗೆ ಎಂದು ಘಟಕವಿದೆ, ಯಾರೂ ಬರೆಸಿ ತಿದ್ದುವುದಿಲ್ಲ. ಪುಟ ವಿನ್ಯಾಸದ ಪಾಠವನ್ನು ಕಂಪ್ಯೂಟರ್ ಮುಟ್ಟದೆ ಮುಗಿಸಿದೆವು. ವರದಿಗಾರರಾಗಬೇಕು ಎಂಬ ಗುರಿಯಿರುವವರು ಈ ಪದವಿಯನ್ನೇ ನಂಬಿಕೊಳ್ಳಬಾರದು. ನಮ್ಮ ಜಿಲ್ಲೆಯಲ್ಲೇ ಹೊರಬರುವ ದಿನಪತ್ರಿಕೆಗಳಿವೆ, ಊರಿನ ಸುದ್ದಿ ಬರೆದು ಕಳಿಸುತ್ತ ಕೈ ಪಳಗಿಸಿಕೊಳ್ಳಿ. ಸಂಖ್ಯಾಶಾಸ್ತ್ರದ ಪತ್ರಿಕೆಯೂ ಸುಲಭವಲ್ಲ. ಗಣಿತ ಬಿಟ್ಟು ಬಹಳ ವರ್ಷವಾದವರು ಅದಕ್ಕೆ ಒಂದು ತಿಂಗಳು ಹೆಚ್ಚಿಗೆ ತೆಗೆದಿಡಬೇಕು. ನನಗೆ ಹತ್ತನೆಯ ತರಗತಿಯ ಮಗನೇ ಸರಾಸರಿ, ಮಧ್ಯಾಂಕ ಹೇಳಿಕೊಟ್ಟ.

ಪರೀಕ್ಷೆಯ ವೇಳಾಪಟ್ಟಿಯನ್ನು ರೂಪಿಸುವವರು ಒಮ್ಮೆ ಮಳೆಗಾಲದಲ್ಲಿ ಶಿರಸಿಯಿಂದ ಕರಾವಳಿಗೆ ಬಂದು ನೋಡಬೇಕು. ಶಿರೂರು ಕುಸಿದ ವರ್ಷ ಹೆದ್ದಾರಿ ಮುಚ್ಚಿ, ಘಟ್ಟದ ಮೇಲಿನವರು ಯಲ್ಲಾಪುರ ಸುತ್ತಿಕೊಂಡು ಅಂಕೋಲಾಕ್ಕೆ ಇಳಿಯಬೇಕಾಯಿತು. ಶಿರಸಿಯಲ್ಲೇ ಒಂದು ಪರೀಕ್ಷಾ ಕೇಂದ್ರ ಕೊಟ್ಟರೆ ಘಟ್ಟದ ಮೇಲಿನ ತಾಲೂಕುಗಳ ಎಷ್ಟೋ ಹೆಂಗಸರು ನಡುವೆ ಓದು ಬಿಡುವುದಿಲ್ಲ. ನನ್ನ ಜೊತೆ ಸೇರಿದ ಸಿದ್ದಾಪುರ ಕಡೆಯ ಗೆಳತಿಯೊಬ್ಬಳು ಪ್ರಯಾಣ ಆಗದೆಯೇ ಬಿಟ್ಟಳು. ಓದಿನಲ್ಲಿ ಅವಳು ನನಗಿಂತ ಮುಂದಿದ್ದಳು.

ಪದವಿಗೆ ಮಾನ್ಯತೆ ಇದೆಯೇ ಎಂದು ಕೇಳುವವರಿಗೆ: ಮಾನ್ಯತೆಯಿರುವ ಸಂಸ್ಥೆಯ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಆದರೆ ಮಾನ್ಯತೆ ಸಂಸ್ಥೆಗೂ ಬೇಕು, ನೀವು ಸೇರುವ ಕೋರ್ಸಿಗೂ ಬೇಕು. ಯುಜಿಸಿಯ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಆ ವರ್ಷದ ಪಟ್ಟಿಯನ್ನು ನೀವೇ ತೆರೆದು ನೋಡಿ, ಯಾರ ಬಾಯಿಮಾತನ್ನೂ ನಂಬಬೇಡಿ. ಪ್ರವೇಶಕ್ಕೆ ಅದೇ ಬ್ಯೂರೋದ ಗುರುತಿನ ಸಂಖ್ಯೆ, ಡಿಇಬಿ ಐಡಿ, ಮಾಡಿಸಿಕೊಳ್ಳಬೇಕು, ಅದಕ್ಕೆ ವಿದ್ಯಾರ್ಥಿಯ ಕ್ರೆಡಿಟ್‌ಗಳ ಲೆಕ್ಕ ಇಡುವ ಖಾತೆಯ ಸಂಖ್ಯೆ, ಎಬಿಸಿ ಐಡಿ, ಬೇಕು. ಆಧಾರ್‌ನಲ್ಲಿಯೂ ಅಂಕಪಟ್ಟಿಯಲ್ಲಿಯೂ ಹೆಸರು ಒಂದೇ ರೀತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ, ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳಿಗೆ ಇದರಲ್ಲೇ ತಿಂಗಳು ಕಳೆಯುತ್ತದೆ.

ಕೆಲಸ ಸಿಕ್ಕಿತೇ? ವಕಾರಿಯಲ್ಲಿ ನನ್ನ ಹುದ್ದೆ ಬದಲಾಗಿಲ್ಲ. ಕೆಲಸದೊಳಗೆ ಒಂದು ಬದಲಾವಣೆ ಆಗಿದೆ. ದಿನದ ಟೆಂಡರ್ ಮುಗಿದ ಮೇಲೆ ಬೆಳೆಗಾರರಿಗೆ ಕಳಿಸುವ ಸಂದೇಶದಲ್ಲಿ ಮೊದಲು ಗರಿಷ್ಠ ದರ ಮಾತ್ರ ಇರುತ್ತಿತ್ತು. ಅದನ್ನು ನೋಡಿ ತಮ್ಮ ಅಡಿಕೆಗೂ ಅಷ್ಟೇ ಸಿಗುತ್ತದೆಂದು ಬಂದವರು ಬೇಸರದಿಂದ ಮರಳುತ್ತಿದ್ದರು. ಒಂದು ಅತ್ಯುತ್ತಮ ಲಾಟ್‌ನ ದರ ಇಡೀ ಪೇಟೆಯ ದರವಲ್ಲ ಎಂದು ಮ್ಯಾನೇಜರರಿಗೆ ಬಿಡಿಸಿ ಹೇಳಿದೆ. ಈಗ ಕನಿಷ್ಠ, ಗರಿಷ್ಠ, ಸರಾಸರಿ ಮೂರನ್ನೂ, ಅಂದು ಎಷ್ಟು ಚೀಲ ಬಂದಿತ್ತು ಎಂಬುದನ್ನೂ ಸೇರಿಸಿ ಕಳಿಸುತ್ತೇವೆ. ಮೊನ್ನೆ ವಾನಳ್ಳಿ ಕಡೆಯ ಹಿರಿಯರೊಬ್ಬರು ಬಂದು, "ತಂಗೀ, ನಿನ್ನ ಮೆಸೇಜು ನೋಡಿ ಈ ವಾರ ಚಾಲಿ ತರಲಿಲ್ಲ, ಮುಂದಿನ ವಾರ ತರುತ್ತೇನೆ" ಎಂದರು. ಎಂಎ ಅರ್ಥಶಾಸ್ತ್ರಕ್ಕೆ ಜುಲೈ ಪ್ರವೇಶದಲ್ಲಿ ಅರ್ಜಿ ಹಾಕುತ್ತಿದ್ದೇನೆ, ಅದೂ ದೂರಶಿಕ್ಷಣದಲ್ಲೇ. ಸೇರುವವರಿದ್ದರೆ ಕಾರವಾರದ ಸಂಪರ್ಕ ತರಗತಿಗೆ ಒಟ್ಟಿಗೆ ಹೋಗಬಹುದು, ಬೆಳಗಿನ ಬಸ್ಸಿನಲ್ಲಿ ಇಬ್ಬರಿದ್ದರೆ ಓದಿದ್ದನ್ನು ಮಾತನಾಡಿಕೊಳ್ಳುತ್ತ ಅಂಕೋಲಾ ಬಂದದ್ದೇ ತಿಳಿಯುವುದಿಲ್ಲ.